ಕನ್ನಡಿಯ ಮುಂದಿನ ಹೆಣ್ಣು

ಚಿತ್ರವಾಗಲಿ ಶಿಲ್ಪವಾಗಲಿ ಸಾಮಾನ್ಯವಾಗಿ ಪ್ರೇಕ್ಷಕನನ್ನು ಹೊರಗೇ ನಿಲ್ಲಿಸುತ್ತದೆ. ಚೌಕಟ್ಟಿನೊಳಗಣ ಸುಂದರಿಯನ್ನು ಆತನು ಎಷ್ಟು ಹೊತ್ತು ನೋಡಿದರೂ ಆ ನೋಟಕ್ಕೆ ಲೆಕ್ಕ ಕೇಳುವವರಿಲ್ಲ. ಕಲೆಯೇ ಮನೆಯಾಗಿ, ಪ್ರೇಕ್ಷಕನು ಅದನ್ನು ಹೊಕ್ಕು ನಡೆದಾಡಬೇಕಾಗಿ ಬಂದಾಗ ಈ ನಿಶ್ಚಿಂತೆ ಉಳಿಯದು. ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ 1972ರ ಜನವರಿ 30ರಿಂದ ಫೆಬ್ರವರಿ 28ರವರೆಗೆ ತೆರೆದಿದ್ದ ‘ವುಮನ್‌ಹೌಸ್’ ಇದಕ್ಕೆ ನಿದರ್ಶನ.

ಜೂಡಿ ಶಿಕಾಗೊ, ಮಿರಿಯಮ್ ಶಪೀರೊ ಎಂಬ ಕಲಾವಿದೆಯರೂ ಅವರ ವಿದ್ಯಾರ್ಥಿನಿಯರೂ ಕೂಡಿ, ಕೆಡವಲು ಗೊತ್ತಾಗಿದ್ದ 17 ಕೋಣೆಗಳ ಹಳೆಯ ಮನೆಯೊಂದನ್ನು ತಾವೇ ದುರಸ್ತಿಮಾಡಿ, ಅದರ ಕೋಣೆಗಳನ್ನು ಕಲಾಕೃತಿಗಳನ್ನಾಗಿ ಮಾರ್ಪಡಿಸಿದರು. ಮೆಟ್ಟಿಲ ಮೇಲೆ ಮದುವಣಗಿತ್ತಿಯ ಬೊಂಬೆ. ಅವಳ ಉಡುಪಿನ ನೀಳವಾದ ಸೆರಗು ಕೆಳಗಿಳಿದಂತೆ ಮಾಸುತ್ತ ಅಡಿಗೆಮನೆಯ ಕಡೆಗೆ ಸಾಗುತ್ತದೆ. ಬಟ್ಟೆಯ ಬೀರುವಿನ ಹಲಗೆಗಳ ನಡುವೆ ಹೆಣ್ಣಿನ ದೇಹವೊಂದು ಸಿಕ್ಕಿಕೊಂಡಿದೆ. ಒಂದು ಕಾಲು ಮಾತ್ರ ಹೊರಕ್ಕೆ ಹೆಜ್ಜೆಯಿಟ್ಟಿದೆ. ಇವುಗಳಲ್ಲಿ ಚಮತ್ಕಾರವುಂಟು, ಧೈರ್ಯವೂ ಉಂಟು. ಆದರೆ ಅರ್ಥವು ಮೊದಲ ನೋಟಕ್ಕೇ ಮುಗಿದುಹೋಗುತ್ತದೆ. ವಾಚ್ಯವೇ ಇಷ್ಟು ಗಟ್ಟಿಯಾಗಿ ನುಡಿದರೆ ಧ್ವನಿಗೆ ಎಡೆಯೆಲ್ಲಿ?

ಇವೆಲ್ಲಕ್ಕೂ ಮಿಗಿಲಾದುದು ‘ಲೇಆಳ ಕೋಣೆ’. ಫ್ರೆಂಚ್ ಲೇಖಕಿ ಕೊಲೆಟ್‌ಳ ‘ಶೇರಿ’ (1920) ಎಂಬ ಕಾದಂಬರಿಯಲ್ಲಿ ಬರುವ, ಯೌವನ ಜಾರುತ್ತಿರುವ ಗಣಿಕೆಯೇ ಈ ಲೇಆ. ಕ್ಯಾರೆನ್ ಲೆಕಾಕ್, ನ್ಯಾನ್ಸಿ ಯೂಡಲ್‌ಮನ್ ಇಬ್ಬರೂ ರಚಿಸಿದ ಈ ಕೋಣೆಯಲ್ಲಿ ಹೆಣ್ಣೊಬ್ಬಳು ಕನ್ನಡಿಯ ಮುಂದೆ ಕುಳಿತು ಮುಖಕ್ಕೆ ಬಣ್ಣ ಹಚ್ಚುತ್ತಾಳೆ, ತೃಪ್ತಿಯಾಗದೆ ಒರೆಸುತ್ತಾಳೆ, ಮತ್ತೆ ಹಚ್ಚುತ್ತಾಳೆ. ಕಥೆಯಿಷ್ಟೇ. ಆದರೆ ಬೊಂಬೆಗೆ ಇಲ್ಲದ ಕಾಲವೆಂಬುದು ಇಲ್ಲಿದೆ. ಒಂದೊಂದು ಲೇಪಕ್ಕೂ ವಯಸ್ಸು ಮರೆಯಾಗುವುದರ ಬದಲು ಎದ್ದು ಕಾಣುತ್ತದೆ. ಅಲಂಕಾರವು ಶೃಂಗಾರಕ್ಕೆ ಅಂಗವೆಂದು ತಿಳಿದವರಿಗೆ ಅದೇ ಅಲಂಕಾರವು ಕರುಣಕ್ಕೆ ತಿರುಗುವುದು ಗೋಚರವಾಗುತ್ತದೆ. ಬಾಗಿಲಲ್ಲಿ ನಿಂತ ಪ್ರೇಕ್ಷಕನೋ, ಆಕೆ ಯಾರ ಕಣ್ಣಿಗಾಗಿ ಇಷ್ಟು ದಣಿಯುತ್ತಿದ್ದಾಳೆಂದು ಯೋಚಿಸುವಷ್ಟರಲ್ಲಿ, ಆ ಕಣ್ಣುಗಳಲ್ಲಿ ತನ್ನವೂ ಸೇರಿವೆಯೆಂದು ಅರಿಯಬೇಕಾಗುತ್ತದೆ.

ಹೆಣ್ಣನ್ನು ನೋಟದ ವಸ್ತುವಾಗಿಸುವುದನ್ನು ಖಂಡಿಸಹೊರಟವರು ಹೆಣ್ಣನ್ನೇ ನೋಟಕ್ಕಿಟ್ಟರಲ್ಲ ಎಂದು ಆಕ್ಷೇಪಿಸಬಹುದು. ಸಮಾಧಾನವಿಷ್ಟೆ: ಇಲ್ಲಿ ಪ್ರದರ್ಶಿತವಾಗಿರುವುದು ಸೌಂದರ್ಯವಲ್ಲ, ಸೌಂದರ್ಯಕ್ಕಾಗಿ ತೆರಬೇಕಾದ ದುಡಿಮೆ. ಇದಕ್ಕಿಂತ ಬಲವಾದ ಆಕ್ಷೇಪ ಬೇರೊಂದುಂಟು. ಈ ಮನೆಯ ದುಃಖವು ಬಹುಮಟ್ಟಿಗೆ ಮನೆಯೊಡತಿಯ ದುಃಖ. ಹೊರಗಿನಿಂದ ಬಂದು ಅದೇ ಅಡಿಗೆಮನೆಯಲ್ಲಿ ಕೂಲಿಗೆ ಪಾತ್ರೆ ತೊಳೆಯುವವಳಿಗೆ ಇಲ್ಲಿ ಕೋಣೆಯಿಲ್ಲ. ‘ಹೆಣ್ಣಿನ ಮನೆ’ ಎಂಬ ಹೆಸರಿಗೆ ಇದು ಸಣ್ಣ ಕೊರತೆಯಲ್ಲ.

ಸುಮಾರು 10,000 ಜನ ಬಂದು ನೋಡಿದ ಆ ಮನೆ ಇಂದು ಇಲ್ಲ. ಛಾಯಾಚಿತ್ರಗಳೂ ಜೊಹಾನಾ ಡೆಮೆಟ್ರಾಕಸ್ ತಯಾರಿಸಿದ ಸಾಕ್ಷ್ಯಚಿತ್ರವೂ ಉಳಿದಿವೆ. ಅಂತಹ ಚಿತ್ರಗಳಲ್ಲಿ ಮದುವಣಗಿತ್ತಿಯ ಅರ್ಥ ಪೂರ್ತಿಯಾಗಿ ದೊರೆಯುತ್ತದೆ. ಲೇಆಳ ಕೋಣೆಯ ಅರ್ಥ ದೊರೆಯದು, ಅದಕ್ಕೆ ಬಾಗಿಲಲ್ಲಿ ನಿಲ್ಲುವವರು ಬೇಕು. ಹೊಕ್ಕು ನೋಡುವ ಕಲೆಯ ಸಾರ್ಥಕ್ಯವನ್ನು ಅಳೆಯಲು ಈ ವ್ಯತ್ಯಾಸವೇ ಸಾಕು.