ಸ್ತಬ್ಧಚಿತ್ರದ ಮೇಲಿನವರು ಬಾಯಿ ಬಿಟ್ಟರೆ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಪ್ಲಿಮತ್ ಅಂತ ಒಂದು ಊರು. 1620ರ ಡಿಸೆಂಬರಿನಲ್ಲಿ ಮೇಫ್ಲವರ್ ಹಡಗಿನಲ್ಲಿ ಬಂದ ಇಂಗ್ಲಿಷ್ ವಲಸಿಗರು ಅದನ್ನು ಸ್ಥಾಪಿಸಿದರು ಅಂತ ಚರಿತ್ರೆ ಪುಸ್ತಕಗಳು ಹೇಳುತ್ತ ಬಂದಿವೆ. ನವೆಂಬರಿನಲ್ಲಿ ಅಲ್ಲೊಂದು ಮೆರವಣಿಗೆ. ಸಿಂಗರಿಸಿದ ಬಂಡಿಗಳ ಮೇಲೆ ಶತಮಾನಗಳು ಸಾಲಾಗಿ ಸಾಗುತ್ತವೆ.

ಇಂಥ ಸ್ತಬ್ಧಚಿತ್ರವನ್ನೂ ಕಾವ್ಯ ಓದಿದ ಹಾಗೇ ಓದಬೇಕು ಗೆಳೆಯರೇ. ಬಂಡಿ ಹತ್ತಿದವರು ಯಾರು? ಕತೆ ಶುರುವಾಗೋದು ಯಾವ ವರ್ಷದಿಂದ? ಮಾತು ಯಾರದು? ಇವು ವಿಮರ್ಶೆಯ ಪ್ರಶ್ನೆಗಳೇ.

'ಸ್ಥಾಪನೆ' ಅನ್ನೋ ಪದವನ್ನೇ ತಗೊಳ್ಳಿ. ಆ ಜಾಗದಲ್ಲಿ ಮೊದಲೇ ವಾಂಪನೋಗ್ ಜನರ ಪಟುಕ್ಸೆಟ್ ಎಂಬ ಹಳ್ಳಿ ಇತ್ತು. 1616ರಿಂದ 1619ರ ನಡುವೆ ಯುರೋಪಿನ ಹಡಗುಗಳ ಜೊತೆ ಬಂದ ರೋಗ ಅದನ್ನು ಬರಿದು ಮಾಡಿತು. ಆ ಹಳ್ಳಿಯ ಟಿಸ್ಕ್ವಾಂಟಮ್‌ನನ್ನು 1614ರಲ್ಲಿ ಗುಲಾಮನಾಗಿ ಮಾರಲು ಹೊತ್ತೊಯ್ದಿದ್ದರು. 1619ರಲ್ಲಿ ಅವನು ವಾಪಸು ಬಂದಾಗ ಮಾತಾಡಿಸೋಕೆ ಊರಲ್ಲಿ ಒಂದು ಜೀವ ಇರಲಿಲ್ಲ. ಆ ಜನ ಹಸನು ಮಾಡಿಟ್ಟ ನೆಲದ ಮೇಲೆ ನಿಂತು ಬಂದವರು 'ಊರು ಕಟ್ಟಿದೆವು' ಅಂದರು.

ವಲಸಿಗರು ಮೊದಲು ಕಾಲಿಟ್ಟದ್ದು ಅನ್ನೋ ಬಂಡೆಯನ್ನು ಗುರುತಿಸಿದ್ದು 1741ರಲ್ಲಿ, ಅಂದರೆ 121 ವರ್ಷ ಕಳೆದ ಮೇಲೆ. ಬಂದವರ ಬರಹದಲ್ಲಿ ಅದರ ಸುದ್ದಿಯೇ ಇಲ್ಲ. ಗೋರಿ ಅಗೆದದ್ದನ್ನು, ಹೂತಿಟ್ಟಿದ್ದ ಮುಸುಕಿನ ಜೋಳ ಎತ್ತಿಕೊಂಡದ್ದನ್ನು ಮಾತ್ರ ಅವರೇ ಬರೆದಿಟ್ಟಿದ್ದಾರೆ. ಬರೆದದ್ದನ್ನು ಮರೆತರು, ಬರೆಯದ ಕಲ್ಲಿಗೆ ಮಂಟಪ ಕಟ್ಟಿದರು!

ವಲಸಿಗರೊಡನೆ 1621ರಲ್ಲಿ ಒಪ್ಪಂದ ಮಾಡಿಕೊಂಡ ನಾಯಕ ಮ್ಯಾಸಸಾಯ್ಟ್. ಅವನ ಮಗ ಮೆಟಾಕಮ್ ತಿರುಗಿಬಿದ್ದ. 1676ರಲ್ಲಿ ಅವನನ್ನು ಕೊಂದು, ತಲೆಯನ್ನು ಪ್ಲಿಮತ್‌ನಲ್ಲಿ ಕಂಬಕ್ಕೆ ಸಿಕ್ಕಿಸಿ ವರ್ಷಗಟ್ಟಲೆ ಇಟ್ಟರು. 1921ರಲ್ಲಿ ಅದೇ ಊರಲ್ಲಿ ಅಪ್ಪನಿಗೆ ಪ್ರತಿಮೆ ನಿಂತಿತು. ಒಪ್ಪಿದವನಿಗೆ ಕಂಚು, ಒಪ್ಪದವನಿಗೆ ಕಂಬ.

1970ರಲ್ಲಿ 350ನೇ ವರ್ಷದ ಉತ್ಸವ. ಔತಣಕೂಟದಲ್ಲಿ ಮಾತಾಡೋಕೆ ವಾಂಪನೋಗ್ ಜನಾಂಗದ ವಾಂಸುಟ್ಟಾ ಫ್ರಾಂಕ್ ಜೇಮ್ಸ್‌ರನ್ನು ಕರೆದರು. ಅವರು ಸಂಗೀತದ ಮೇಷ್ಟ್ರು. ಭಾಷಣವನ್ನು ಮುಂಚೆಯೇ ತರಿಸಿ ನೋಡಿದರು. ಅದರಲ್ಲಿ ಗೋರಿ ಇತ್ತು, ಜೋಳ ಇತ್ತು. ಇದು ಬೇಡ, ನಾವು ಬರೆದುಕೊಟ್ಟದ್ದನ್ನು ಓದಿ ಅಂದರು. ಮೇಷ್ಟ್ರು ಓದಲಿಲ್ಲ. ಆ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ದಿನ ಮ್ಯಾಸಸಾಯ್ಟ್ ಪ್ರತಿಮೆಯ ಬಳಿ ಜನ ಸೇರಿ ಶೋಕದಿನ ಆಚರಿಸಿದರು. ಅದು ಇವತ್ತಿಗೂ ವರ್ಷ ವರ್ಷ ನಡೆಯುತ್ತದೆ.

ಸಂಘಟಕರಿಗೆ ಬೇಕಾಗಿದ್ದದ್ದು ಮನುಷ್ಯನಲ್ಲ, ಸ್ತಬ್ಧಚಿತ್ರ. ಹೆಸರಿನಲ್ಲೇ ಇದೆಯಲ್ಲ: ಸ್ತಬ್ಧವಾಗಿರಬೇಕು! ವೇಷ ನಿನ್ನದು, ಮಾತು ನಮ್ಮದು. ನಮ್ಮಪ್ಪ ತೇರಿನ ಮುಂದೆ ತಮಟೆ ಬಡಿದವನು. ಊರಿಗೆ ತಮಟೆಯ ಸದ್ದು ಬೇಕಿತ್ತು, ತಮಟೆಯವನ ಸೊಲ್ಲು ಬೇಕಿರಲಿಲ್ಲ. ಅದಕ್ಕೇ ಆ ಮೇಷ್ಟ್ರು ನನಗೆ ದೂರದವರು ಅನ್ನಿಸೋದಿಲ್ಲ.

ಮೆರವಣಿಗೆಗೆ ಮಕ್ಕಳಿಗೆ ಬಣ್ಣ ಬಳಿದು ಲಾರಿ ಹತ್ತಿಸುವ ಮೇಷ್ಟ್ರುಗಳೇ, ಬಂಡಿಯ ಮೇಲೆ ಜಾಗ ಸಿಕ್ಕಿತು ಅಂತ ಹಿಗ್ಗಬೇಡಿ. ಬರೆದುಕೊಟ್ಟವರು ಯಾರು ಅಂತ ಮೊದಲು ಕೇಳಿ.