ತ್ಯಾಗಕ್ಕೆ ಸಂಬಳದ ಚೀಟಿ
ಗೋಡೆಗೆ ತೂಗುಹಾಕಿದ ಮೌಲ್ಯಗಳನ್ನು ಕಂಪನಿಗೆ ಬಂದ ಅತಿಥಿಗಳು ಓದುತ್ತಾರೆ. ಒಳಗೆ ದುಡಿಯುವವರು ಓದುವುದು ಮೇಲಧಿಕಾರಿಯ ಮುಖವನ್ನು. ಹೀಗಾಗಿ ಒಂದು ಸಂಸ್ಥೆಯ ಸಂಸ್ಕೃತಿ ಗಟ್ಟಿಯೋ ಪೊಳ್ಳೋ ಎಂದು ನೋಡಲು ಬೆಂಗಳೂರಿನ ಗಾಜಿನ ಕಟ್ಟಡಗಳಿಗಿಂತ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಸೀಮೆಯ ಒಂದು ಸೇವಾ ಸಂಸ್ಥೆ ಮೇಲು.

1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದ ಆರ್. ಬಾಲಸುಬ್ರಹ್ಮಣ್ಯಂ ತಮ್ಮ ಗೆಳೆಯರೊಡನೆ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಓದು ಮುಗಿಸಿ ಹೆಗ್ಗಡದೇವನಕೋಟೆಯ ಕಾಡಂಚಿಗೆ ಬಂದರು. ಕಬಿನಿ ಅಣೆಕಟ್ಟು, ಬಂಡೀಪುರದ ಹುಲಿ ಯೋಜನೆಗಳಿಂದ ನೆಲೆ ಕಳೆದುಕೊಂಡ ಜೇನುಕುರುಬ, ಕಾಡುಕುರುಬರ ಹಾಡಿಗಳು ಅಲ್ಲಿದ್ದವು. ಬ್ರಹ್ಮಗಿರಿಯಲ್ಲಿ ಶುರುವಾದ ಕೆಲಸ ಕೆಂಚನಹಳ್ಳಿಯ ಆಸ್ಪತ್ರೆ, ಹೊಸಹಳ್ಳಿಯ ಗಿರಿಜನ ಶಾಲೆ, ಸರಗೂರಿನ ದೊಡ್ಡ ಆಸ್ಪತ್ರೆಯವರೆಗೆ ಬೆಳೆಯಿತು. ಸತ್ಯ, ಅಹಿಂಸೆ, ಸೇವೆ, ತ್ಯಾಗ ಎಂಬ ನಾಲ್ಕು ಮೌಲ್ಯಗಳ ಮೇಲೆ ನಿಂತಿದ್ದೇವೆ ಎಂದು ಸಂಸ್ಥೆ ಹೇಳಿಕೊಳ್ಳುತ್ತದೆ.

ಇವುಗಳಲ್ಲಿ ಸತ್ಯ ನನಗೆ ಹೆಚ್ಚು ಮೆಚ್ಚುಗೆ. ಅದನ್ನು ಹೊರಗಿನವರೂ ಪರೀಕ್ಷಿಸಬಹುದು: ಸಂಸ್ಥೆ ತನ್ನ ವಾರ್ಷಿಕ ವರದಿ, ಲೆಕ್ಕಪತ್ರಗಳನ್ನು ಸಾರ್ವಜನಿಕರ ಮುಂದಿಡುತ್ತದೆ. ಸೇವೆಗೂ ಆಸ್ಪತ್ರೆಯ ಮುಂದಿನ ರೋಗಿಗಳ ಸಾಲಿನಲ್ಲಿ ಸಾಕ್ಷಿ ಸಿಗುತ್ತದೆ. ತೊಡಕಿರುವುದು ನಾಲ್ಕನೆಯದಾದ ತ್ಯಾಗದಲ್ಲಿ.

ಮೈಸೂರಿನಲ್ಲಿ ನರ್ಸಿಂಗ್ ಹೋಂ ತೆರೆದು ಕೈತುಂಬ ಗಳಿಸಬಹುದಾಗಿದ್ದ ವೈದ್ಯ ಕಾಡಂಚಿಗೆ ಬಂದರೆ ಅದು ತ್ಯಾಗವೇ. ಬಿಡಲು ಅವನ ಬಳಿ ಏನೋ ಇತ್ತು, ಬಿಟ್ಟ. ಆ ಎಳೆಯ ವೈದ್ಯರ ಬದುಕೇ ಆಗ ನಿಯಮಾವಳಿ. ಹೊಸಬರು ನೋಡಿ ಕಲಿತರು, ಸಂಸ್ಥೆ ಹಾಗೇ ರೂಪುಗೊಂಡಿತು. ಆದರೆ ಗೆಳೆಯರ ಗುಂಪು ನೌಕರರ ಪಟ್ಟಿಯಾಗಿ ಬೆಳೆದ ಮೇಲೆ ಅದೇ ಮೌಲ್ಯ ಆಂಬುಲೆನ್ಸ್ ಓಡಿಸುವವನಿಗೂ ರಾತ್ರಿ ಪಾಳಿಯ ಆಯಾಗೂ ಅನ್ವಯಿಸುತ್ತದೆ. ಅವರು ಬಂದದ್ದು ಕೆಲಸ ಬೇಕೆಂದು. ತ್ಯಾಗವನ್ನು ಅಳೆಯುವ ತಕ್ಕಡಿಯೂ ಇಲ್ಲವಾದ್ದರಿಂದ, ಎಷ್ಟು ಕೊಟ್ಟರೆ ಸಾಕು ಎಂದು ಯಾರೂ ಹೇಳಲಾರರು. ಸೇವಾ ಸಂಸ್ಥೆಗಳಲ್ಲಿ ಸಂಬಳ ಹೆಚ್ಚಿಸಿ ಎನ್ನಲು ನಾಲಿಗೆ ತಡವರಿಸುವುದು ಇದಕ್ಕೇ. ಕಾರ್ಪೊರೇಟ್ ಕಚೇರಿಗಳು 'ನಾವೆಲ್ಲ ಒಂದೇ ಕುಟುಂಬ' ಎಂದು ಪಡೆಯುವ ಹೆಚ್ಚುವರಿ ದುಡಿಮೆಯನ್ನು ಇಲ್ಲಿ ಆದರ್ಶವೇ ಕೇಳಿಬಿಡಬಹುದು, ಅದೂ ಯಾರೂ ಬಾಯಿಬಿಟ್ಟು ಹೇಳದೆ.

ಬಾಲಸುಬ್ರಹ್ಮಣ್ಯಂ 2021ರಲ್ಲಿ ಕೇಂದ್ರ ಸರ್ಕಾರದ ಸಾಮರ್ಥ್ಯ ನಿರ್ಮಾಣ ಆಯೋಗದ ಸದಸ್ಯರಾದರು. ಸರ್ಕಾರಿ ನೌಕರರ ತರಬೇತಿ, ಸಾಮರ್ಥ್ಯ ವೃದ್ಧಿಗೆ ದಾರಿ ತೋರುವ ಹೊಣೆ ಆ ಆಯೋಗದ್ದು. ಇತ್ತ ಹೆಗ್ಗಡದೇವನಕೋಟೆಯಲ್ಲಿ, ಸಂಸ್ಥೆ ಕಟ್ಟಿದವರ ಬದುಕನ್ನು ಕಣ್ಣಾರೆ ಕಾಣದೆ ಕೆಲಸಕ್ಕೆ ಸೇರುವವರ ಪೀಳಿಗೆ ಈಗ ಬಂದಿದೆ. ಇವರಿಗೆ ತ್ಯಾಗದ ಕಥೆಗಿಂತ ಪಾಳಿಯ ಅವಧಿ, ರಜೆ, ಬಡ್ತಿಗಳ ಸ್ಪಷ್ಟ ನಿಯಮ ಬೇಕು. ಹೊಸಹಳ್ಳಿಯಂಥ ಶಾಲೆಯಲ್ಲಿ ಓದಿದ ಜೇನುಕುರುಬರ ಹುಡುಗಿ ನರ್ಸಾದರೆ, ಅವಳು ಏನನ್ನೂ ಬಿಟ್ಟುಕೊಡಬೇಕಿಲ್ಲ. ಅವಳ ಜನ ಕಾಡು, ಹೊಲ, ಮನೆ ಬಿಟ್ಟುಕೊಟ್ಟು ಬಹಳ ಕಾಲವಾಯಿತು. ಅವಳು ಸಂಬಳ ಎಣಿಸಿಕೊಂಡು, ಮುಂದಿನ ವರ್ಷ ಇನ್ನಷ್ಟು ಬೇಕು ಎಂದು ಅಳುಕಿಲ್ಲದೆ ಕೇಳುವಂತಿರಬೇಕು.