ಮೊದಲ ಟ್ರಿಪ್ಪಿನ ಮರ್ಯಾದೆ

'ನಾಳೆ ವಿದ್ಯುತ್ ವ್ಯತ್ಯಯ.' ಪತ್ರಿಕೆಯ ಜಿಲ್ಲಾ ಪುಟದ ಮೂಲೆಯಲ್ಲಿ ಆಗಾಗ ಕಣ್ಣಿಗೆ ಬೀಳುವ ಸುದ್ದಿ ಇದು. ಇಂಥ ಊರಿನ 66/11 ಕೆ.ವಿ. ಉಪಕೇಂದ್ರದಲ್ಲಿ ತ್ರೈಮಾಸಿಕ ನಿರ್ವಹಣಾ ಕಾಮಗಾರಿ, ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಕರೆಂಟ್ ಇರುವುದಿಲ್ಲ, ಗ್ರಾಹಕರು ಸಹಕರಿಸಬೇಕು. ಸಹಕರಿಸುತ್ತೇವೆ, ಗೊಣಗಿಕೊಂಡೇ. ಆ ಏಳು ಗಂಟೆ ತಂತಿಬೇಲಿಯ ಒಳಗೆ ಏನು ನಡೆಯುತ್ತದೆ ಎಂದು ವಿಚಾರಿಸುವವರು ಮಾತ್ರ ಕಡಿಮೆ. ಈ ವಾರದ ಅಂಕಣ ಆ ಬೇಲಿಯೊಳಗಿನ ಒಂದೇ ಯಂತ್ರಕ್ಕೆ ಮೀಸಲು. 11 ಕೆ.ವಿ. ಫೀಡರ್ ಹೊರಡುವ ಜಾಗದಲ್ಲೇ ಕಾವಲಿಗೆ ಕೂತಿರುವ ವ್ಯಾಕ್ಯೂಮ್ ಸರ್ಕ್ಯೂಟ್ ಬ್ರೇಕರ್, ಸ್ಟೇಷನ್ನಿನವರ ಬಾಯಲ್ಲಿ ವಿಸಿಬಿ.

ಸ್ವಿಚ್‌ಗೇರಿನ ರುಚಿ ಹತ್ತಿದವರಿಗೆ ಇಷ್ಟು ಅಚ್ಚುಕಟ್ಟಾದ ಯಂತ್ರ ಇನ್ನೊಂದು ಸಿಗುವುದು ಕಷ್ಟ. ಆದರೆ ಇದರದ್ದೊಂದು ವಿಚಿತ್ರ ಹಣೆಬರಹ. ಎಲ್ಲರೂ ಹೊಗಳುವ ಭಾಗ ಕೆಡುವುದು ಅಪರೂಪ. ಕೆಡುವ ಭಾಗದ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಹೊಗಳಿಕೆಯ ಭಾಗವನ್ನೇ ಮೊದಲು ನೋಡೋಣ. ಮೂರು ಫೇಸ್‌ಗೆ ಮೂರು ವ್ಯಾಕ್ಯೂಮ್ ಇಂಟರಪ್ಟರ್‌ಗಳು. ಕೆಲಸ ಮಾಡುವವರು ಬಾಟಲ್ ಅನ್ನುತ್ತಾರೆ. ಮೈ ಬಿಳಿಯ ಅಲ್ಯೂಮಿನಾ ಸೆರಾಮಿಕ್ಕಿನದು. ಒಳಗೆ ಎದುರುಬದುರಾಗಿ ಎರಡು ಕಾಂಟ್ಯಾಕ್ಟ್‌ಗಳು. ಒಂದು ಸ್ಥಿರ, ಇನ್ನೊಂದು ಅಲುಗುವಂಥದ್ದು. ಅಲುಗುವ ಕಡ್ಡಿ ಹೊರಬರುವ ಜಾಗದಲ್ಲಿ ಗಾಳಿ ನುಸುಳದಂತೆ ತೆಳು ಸ್ಟೇನ್‌ಲೆಸ್ ಸ್ಟೀಲಿನ, ನೆರಿಗೆ ನೆರಿಗೆಯಾದ ಬೆಲ್ಲೋಸ್ ಬೆಸೆದಿರುತ್ತಾರೆ. ಹೊಸ ಬಾಟಲಿಯೊಳಗೆ ಉಳಿದಿರುವ ಒತ್ತಡ ಹೊರಗಿನ ವಾಯುಭಾರದ ನೂರು ಕೋಟಿಯಲ್ಲಿ ಒಂದು ಭಾಗದ ಆಸುಪಾಸು. ಈ ಬಾಟಲಿಯನ್ನು ಬ್ರೇಕರಿನಿಂದ ಬಿಚ್ಚಿ ಮೇಜಿನ ಮೇಲಿಟ್ಟರೆ ಅದು ತಾನಾಗಿ 'ಆನ್' ಆಗಿಯೇ ಇರುತ್ತದೆ. ಹೊರಗಿನ ಗಾಳಿಯ ಒತ್ತಡವೇ ಕಡ್ಡಿಯನ್ನು ಒಳಕ್ಕೆ ದೂಡಿ ಕಾಂಟ್ಯಾಕ್ಟ್ ಕೂಡಿಸಿಬಿಡುತ್ತದೆ. ಎಳೆದು 'ಆಫ್'ನಲ್ಲಿ ಹಿಡಿದು ನಿಲ್ಲಿಸಲು ಯಂತ್ರದ ಬಲ ಬೇಕು.

ಎಳೆಯುವುದಾದರೂ ಎಷ್ಟು? ಸುಮಾರು ಒಂದು ಸೆಂಟಿಮೀಟರ್, ಹಲವು ಮಾದರಿಗಳಲ್ಲಿ ಅದಕ್ಕಿಂತಲೂ ಕಡಿಮೆ. ಗಾಳಿಯಲ್ಲಿ ಒಂದು ಸೆಂಟಿಮೀಟರ್ ಅಂತರ 30 ಕೆ.ವಿ. ಆಸುಪಾಸಿನಲ್ಲಿ ಸೋತು ಕಿಡಿ ಹಾರುತ್ತದೆ. ನಿರ್ವಾತದೊಳಗಿನ ಇಷ್ಟೇ ಅಂತರ 12 ಕೆ.ವಿ. ದರ್ಜೆಯ ಬ್ರೇಕರಿಗೆ ವಿಧಿಸಿದ 75 ಕೆ.ವಿ. ಸಿಡಿಲಿನ ಪೆಟ್ಟಿನ ಪರೀಕ್ಷೆಯನ್ನು ದಾಟುತ್ತದೆ. ಕಿಡಿ ಬೆಳೆಯಬೇಕಾದರೆ ಎಲೆಕ್ಟ್ರಾನುಗಳು ಡಿಕ್ಕಿ ಹೊಡೆಯಲು ಅಣುಗಳು ಬೇಕು. ಇಲ್ಲಿ ಅವೇ ಇಲ್ಲ.

ಹಾಗಿದ್ದರೂ ಲೋಡಿನ ಮೇಲೆ ಕಾಂಟ್ಯಾಕ್ಟ್ ಬಿಡಿಸಿದಾಗ ಆರ್ಕ್ ಹೊತ್ತಿಯೇ ಹೊತ್ತುತ್ತದೆ. ಹೊತ್ತಿಕೊಳ್ಳುವುದು ಕಾಂಟ್ಯಾಕ್ಟಿನ ಲೋಹವೇ ಆವಿಯಾಗಿ. ನಮ್ಮ 50 ಹರ್ಟ್ಜ್ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟುತ್ತದೆ. ಆ ಕ್ಷಣದಲ್ಲಿ ಹೊಸ ಆವಿಯ ಹುಟ್ಟು ನಿಲ್ಲುತ್ತದೆ. ಇದ್ದ ಆವಿ ಮೈಕ್ರೋಸೆಕೆಂಡುಗಳಲ್ಲಿ ಕಾಂಟ್ಯಾಕ್ಟಿನ ಮೇಲೂ ಸುತ್ತಲಿನ ಲೋಹದ ಶೀಲ್ಡಿನ ಮೇಲೂ ಕೂತು ಗಟ್ಟಿಯಾಗುತ್ತದೆ. ಮುಂದಿನ ಅರ್ಧ ಅಲೆ ಏರಿ ಬರುವಷ್ಟರಲ್ಲಿ ದಾಟಲು ದಾರಿ ಉಳಿದಿರುವುದಿಲ್ಲ. ಆಯುಷ್ಯ ಮುಗಿದ ಬಾಟಲಿಯನ್ನು ಸೀಳಿದರೆ ಶೀಲ್ಡಿನ ಒಳಮೈಗೆ ಹತ್ತಿದ ಲೋಹದ ಲೇಪ ಕಾಣುತ್ತದೆ. ಅದೇ ಆ ಬ್ರೇಕರ್ ತಡೆದ ಶಾರ್ಟ್ ಸರ್ಕ್ಯೂಟ್‌ಗಳ ಲೆಕ್ಕಪುಸ್ತಕ.

ಕರೆಂಟ್ 10,000 ಆಂಪಿಯರ್ ಆಸುಪಾಸು ದಾಟಿದರೆ ಹರಡಿಕೊಂಡಿದ್ದ ಆರ್ಕ್ ಒಂದೇ ಕಡೆ ಗುಂಪುಗೂಡಿ ಲೋಹವನ್ನು ಕರಗಿಸತೊಡಗುತ್ತದೆ. ಅದಕ್ಕೇ ಕಾಂಟ್ಯಾಕ್ಟಿನ ಮುಖಕ್ಕೆ ಸುರುಳಿಯಾಕಾರದ ಗೀರುಗಳನ್ನು ಕೊರೆದಿರುತ್ತಾರೆ. ಕರೆಂಟ್ ಆ ಸುರುಳಿಯಲ್ಲಿ ಹರಿದು ತಾನೇ ಹುಟ್ಟಿಸಿದ ಕಾಂತಕ್ಷೇತ್ರ ಆರ್ಕನ್ನು ಅಂಚಿನ ಸುತ್ತ ಓಡಿಸುತ್ತದೆ. ಒಂದೆಡೆ ನಿಂತು ಸುಡಲು ಬಿಡುವುದಿಲ್ಲ. ಲೋಹವೂ ಬರಿಯ ತಾಮ್ರವಲ್ಲ, ತಾಮ್ರ ಮತ್ತು ಕ್ರೋಮಿಯಂ ಕೂಡಿದ್ದು. ತಾಮ್ರ ಕರೆಂಟ್ ಒಯ್ಯುತ್ತದೆ. ಕ್ರೋಮಿಯಂ ಕಾಂಟ್ಯಾಕ್ಟ್‌ಗಳು ಒಂದಕ್ಕೊಂದು ಬೆಸೆದುಕೊಳ್ಳದಂತೆ ತಡೆಯುತ್ತದೆ, ಒಳಗೆ ಅಳಿದುಳಿದ ಆಮ್ಲಜನಕವನ್ನೂ ಹೀರಿಕೊಳ್ಳುತ್ತದೆ.

ಕಲ್ಪನೆ ಹಳೆಯದು. ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಸೊರೆನ್ಸನ್ ಮತ್ತು ಮೆಂಡೆನ್‌ಹಾಲ್ ನಿರ್ವಾತದಲ್ಲಿ ಕರೆಂಟ್ ಕತ್ತರಿಸಿದ ಪ್ರಯೋಗಗಳನ್ನು 1926ರಲ್ಲೇ ಪ್ರಕಟಿಸಿದ್ದರು. ಲೋಹದೊಳಗೆ ಅಡಗಿದ ಅನಿಲವನ್ನು ತೆಗೆಯುವುದು, ದಶಕಗಳ ಕಾಲ ಸೋರದ ಬೆಸುಗೆ ಹಾಕುವುದು ಕರಗತವಾಗಿ ಅದು ದೊಡ್ಡ ಪ್ರಮಾಣದಲ್ಲಿ ಮಾರುಕಟ್ಟೆಗೆ ಬರಲು 1960ರ ದಶಕದವರೆಗೆ ಕಾಯಬೇಕಾಯಿತು. ಬೆಂಗಳೂರಿಗೂ ಈ ವಿದ್ಯೆಯ ನಂಟಿದೆ. ರೇಡಿಯೊ ಪ್ರಸಾರದ ವ್ಯಾಕ್ಯೂಮ್ ಟ್ಯೂಬ್ ತಯಾರಿಸಿ ಪಳಗಿದ ಭಾರತ್ ಎಲೆಕ್ಟ್ರಾನಿಕ್ಸ್ ವ್ಯಾಕ್ಯೂಮ್ ಇಂಟರಪ್ಟರ್‌ಗಳನ್ನೂ ತಯಾರಿಸಿತು. ಬ್ರೇಕರ್‌ಗಳಿಗೆ ಶಾರ್ಟ್ ಸರ್ಕ್ಯೂಟ್ ಕೊಟ್ಟು ಪರೀಕ್ಷಿಸುವ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಆರ್‌ಐ, ಇರುವುದೂ ಬೆಂಗಳೂರಿನಲ್ಲೇ.

ಹಳೆಯ ಎಣ್ಣೆ ಬ್ರೇಕರ್‌ಗಳ ಕಾಲದಲ್ಲಿ ನಾಲ್ಕಾರು ದೊಡ್ಡ ಫಾಲ್ಟ್ ಆದರೆ ಎಣ್ಣೆ ಕಪ್ಪಾಗುತ್ತಿತ್ತು; ಟ್ಯಾಂಕ್ ಇಳಿಸಿ, ಕಾಂಟ್ಯಾಕ್ಟ್ ಉಜ್ಜಿ, ಹೊಸ ಎಣ್ಣೆ ತುಂಬಬೇಕಿತ್ತು. ವಿಸಿಬಿ ಆ ಕಾಟವನ್ನೆಲ್ಲ ಕಳೆಯಿತು. ಬಾಟಲಿ ಸಾವಿರಾರು ಸಲ ಆನ್ ಆಫ್ ತಾಳುತ್ತದೆ. ಅದನ್ನು ಬಿಚ್ಚುವ ಪ್ರಶ್ನೆಯೇ ಇಲ್ಲ. 'ಮೆಂಟೆನೆನ್ಸ್ ಫ್ರೀ' ಎಂಬ ಮಾತು ಹುಟ್ಟಿದ್ದು ಹೀಗೆ. ಬಾಟಲಿಯ ಮಟ್ಟಿಗೆ ಅದು ನಿಜ. ಬ್ರೇಕರಿನ ಮಟ್ಟಿಗೆ ಅಪಾಯಕಾರಿ ಸುಳ್ಳು.

ಬಾಟಲಿಯನ್ನು ಎಳೆಯುವ ಯಂತ್ರವಿದೆಯಲ್ಲ, ಸ್ಪ್ರಿಂಗು, ಲ್ಯಾಚು, ರೋಲರು, ಬೇರಿಂಗು, ಟ್ರಿಪ್ ಕಾಯಿಲ್, ಅದೆಲ್ಲ ನಮ್ಮ ನಿಮ್ಮ ಹಾಗೆ ಧೂಳು, ತೇವ, ಬಿಸಿಲು ತಿನ್ನುವ ಸಾಮಾನು. ಮೋಟರ್ ಕ್ಲೋಸಿಂಗ್ ಸ್ಪ್ರಿಂಗನ್ನು ಬಿಗಿದಿಡುತ್ತದೆ. ಬ್ರೇಕರ್ ಆನ್ ಆಗುವಾಗ ಆ ಬಲದಲ್ಲೇ ಟ್ರಿಪ್ ಸ್ಪ್ರಿಂಗೂ ಬಿಗಿಯುತ್ತದೆ. ರಿಲೇ ಫಾಲ್ಟ್ ಗುರುತಿಸಿದೊಡನೆ ಬ್ಯಾಟರಿಯ ಡಿಸಿ ಟ್ರಿಪ್ ಕಾಯಿಲ್‌ಗೆ ಹೋಗುತ್ತದೆ, ಕಾಯಿಲ್‌ನ ಪ್ಲಂಜರ್ ಲ್ಯಾಚನ್ನು ತಟ್ಟುತ್ತದೆ, ಸ್ಪ್ರಿಂಗ್ ಬಿಡುಗಡೆಯಾಗಿ ಮೂರು ಕಾಂಟ್ಯಾಕ್ಟ್‌ಗಳೂ ಬಿಡುತ್ತವೆ. ಆರೋಗ್ಯವಂತ ಬ್ರೇಕರಿನಲ್ಲಿ ಇಷ್ಟಕ್ಕೆ ಹಿಡಿಯುವುದು 40ರಿಂದ 60 ಮಿಲಿಸೆಕೆಂಡ್.

ಈಗ ವರ್ಷವಿಡೀ ಆನ್ ಆಗಿಯೇ ಉಳಿದ ಫೀಡರನ್ನು ಊಹಿಸಿ. ಲ್ಯಾಚಿನ ಮೇಲಿನ ಗ್ರೀಸ್ ಒಣಗಿ, ಧೂಳು ಕೂಡಿ, ಹಲಸಿನ ಮೇಣದ ಹಾಗೆ ಹಿಡಿದುಕೊಂಡಿರುತ್ತದೆ. ಪ್ಲಂಜರ್ ತಟ್ಟುತ್ತದೆ, ಲ್ಯಾಚ್ ಜಾರುವುದಿಲ್ಲ. ಕ್ಷಣಕಾಲದ ಕೆಲಸಕ್ಕೆಂದೇ ಮಾಡಿದ ಕಾಯಿಲ್ ಬಿಡದೆ ಕರೆಂಟ್ ಹೊತ್ತು ಸುಟ್ಟುಹೋಗುತ್ತದೆ. ಅಷ್ಟರಲ್ಲಿ ಹಿಂದಿನ ಬ್ಯಾಂಕ್ ಬ್ರೇಕರ್, ಅಂದರೆ ಹಲವು ಫೀಡರ್‌ಗಳಿಗೆ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರಿನ ಬ್ರೇಕರ್, ಟ್ರಿಪ್ ಆಗಿರುತ್ತದೆ. ಒಂದು ಫೀಡರಿನಲ್ಲಿ ತೆಂಗಿನ ಗರಿ ಬಿದ್ದದ್ದಕ್ಕೆ ಆ ಬ್ಯಾಂಕಿನ ಎಲ್ಲ ಫೀಡರಿನ ಊರುಗಳೂ ಕತ್ತಲಲ್ಲಿ. ಬಾಟಲಿಯೊಳಗಿನ ನಿರ್ವಾತ ಮಾತ್ರ ಆಗಲೂ ಸೊಗಸಾಗಿಯೇ ಇರುತ್ತದೆ.

ಎಡವುವುದು ಇಲ್ಲೇ. ನಿರ್ವಹಣೆಗೆ ಬಂದವರು ಬ್ರೇಕರನ್ನು ಮೊದಲು ಟ್ರಿಪ್ ಮಾಡುತ್ತಾರೆ, ಒರೆಸುತ್ತಾರೆ, ನಾಲ್ಕು ಸಲ ಆನ್ ಆಫ್ ಮಾಡುತ್ತಾರೆ, ಆಮೇಲೆ ಟೈಮಿಂಗ್ ಕಿಟ್ ಜೋಡಿಸಿ 48 ಮಿಲಿಸೆಕೆಂಡ್ ಎಂದು ಬರೆದುಕೊಳ್ಳುತ್ತಾರೆ. ಸುಳ್ಳಲ್ಲ, ಆದರೆ ಅದು ಮೈ ಸಡಿಲಿಸಿಕೊಂಡ ಮೇಲಿನ ಓಟ. ಫಾಲ್ಟ್ ಬಂದಾಗ ಬ್ರೇಕರಿಗೆ ಸಿಗುವುದು ಒಂದೇ ಅವಕಾಶ, ಅದೂ ತಿಂಗಳುಗಟ್ಟಲೆ ಕದಲದೆ ಕೂತ ಮೇಲೆ. ನಮಗೆ ಬೇಕಾದ ಅಳತೆ ಮೊದಲ ಟ್ರಿಪ್ಪಿನದು, ಮತ್ತು ಅದನ್ನು ಅಳೆಯುವ ಅವಕಾಶ ಒಂದು ಶಟ್‌ಡೌನಿಗೆ ಒಂದೇ ಸಲ.

ಅಳೆಯುವುದು ಕಷ್ಟವೂ ಅಲ್ಲ. ಫೀಡರ್ ಆಫ್ ಮಾಡುವ ಮುನ್ನವೇ ಕಂಟ್ರೋಲ್ ಪ್ಯಾನೆಲಿನಲ್ಲಿ ಟ್ರಿಪ್ ಕಾಯಿಲ್‌ನ ವೈರಿಗೆ ಡಿಸಿ ಕ್ಲಾಂಪ್ ಹಾಕಿ ರೆಕಾರ್ಡರಿಗೆ ಜೋಡಿಸಬೇಕು. ಟ್ರಿಪ್ ಕೊಡುವುದು ಬ್ರೇಕರಿನ ಮುಖದ ಮೇಲಿನ ಗುಂಡಿಯಿಂದಲ್ಲ. ರಿಲೇಯಿಂದ, ಇಲ್ಲವೇ ಪ್ಯಾನೆಲಿನ ಟಿಎನ್‌ಸಿ (ಟ್ರಿಪ್-ನ್ಯೂಟ್ರಲ್-ಕ್ಲೋಸ್) ಸ್ವಿಚ್ಚಿನಿಂದ. ಆಗ ಬ್ಯಾಟರಿ, ವೈರಿಂಗ್, ಕಾಯಿಲ್ ಎಲ್ಲದರ ಪರೀಕ್ಷೆಯೂ ಆಗುತ್ತದೆ. ಪರದೆಯ ಮೇಲೆ ಬರುವ ಗೆರೆಯನ್ನು ಓದುವುದೇ ಒಂದು ರಸ. ಕರೆಂಟ್ ಏರುತ್ತದೆ, ಪ್ಲಂಜರ್ ಕದಲಿದಾಗ ಸ್ವಲ್ಪ ಕುಸಿದು ಒಂದು ತಗ್ಗು ಮೂಡುತ್ತದೆ, ಮತ್ತೆ ಏರುತ್ತದೆ, ಬ್ರೇಕರ್ ತೆರೆದು, ಅದರ ಜೊತೆಗೇ ಆಡುವ ಆಕ್ಸಿಲರಿ ಸ್ವಿಚ್ ಕಾಯಿಲ್‌ನ ದಾರಿ ಕತ್ತರಿಸಿದೊಡನೆ ಸೊನ್ನೆಗೆ ಬೀಳುತ್ತದೆ. ಆ ತಗ್ಗು ತಡವಾಗಿ ಬಂದರೆ ಪ್ಲಂಜರಿನ ಚಲನೆ ಬಿಗಿಯಾಗಿದೆ. ತಗ್ಗು ಸಮಯಕ್ಕೆ ಬಂದು ಸೊನ್ನೆ ತಡವಾದರೆ ಲ್ಯಾಚ್‌ನಿಂದ ಮುಂದಿನ ಭಾಗ ಹಿಡಿದುಕೊಂಡಿದೆ. ಗೆರೆ ಏಳುವುದೇ ಕಡಿಮೆಯಾದರೆ ಬ್ಯಾಟರಿಯನ್ನೂ ವೈರಿನ ಜೋಡಣೆಗಳನ್ನೂ ನೋಡಬೇಕು. ಮೊದಲ ಗೆರೆಯನ್ನೂ ಐದನೆಯ ಗೆರೆಯನ್ನೂ ಒಂದರ ಮೇಲೊಂದು ಇಟ್ಟರೆ ಗ್ರೀಸಿನ ಸ್ಥಿತಿ ತಾನಾಗಿ ತಿಳಿಯುತ್ತದೆ.

ಟ್ರಿಪ್ ಆಯಿತು. ಇನ್ನು ಮುಂದೆ ಜೀವದ ಪ್ರಶ್ನೆ. 'ಬ್ರೇಕರ್ ಆಫ್ ಇದೆ ಸಾರ್' ಎಂಬುದು ಕೆಲಸಕ್ಕೆ ಕೈ ಹಾಕಲು ಸಾಕಾಗುವ ಮಾತಲ್ಲ. ವಿಸಿಬಿಯ ತೆರೆದ ಅಂತರ ಕಣ್ಣಿಗೆ ಕಾಣದು. ಸೆರಾಮಿಕ್ಕಿನೊಳಗೆ ಕಾಂಟ್ಯಾಕ್ಟ್ ನಿಜವಾಗಿ ಬಿಟ್ಟಿದೆಯೋ, ನಿರ್ವಾತ ಉಳಿದಿದೆಯೋ ಹೊರಗಿನ ಸೂಚಕ ಹೇಳಲಾರದು. ಆದ್ದರಿಂದ ಪ್ಯಾನೆಲ್ ಮಾದರಿಯಾದರೆ ಟ್ರಾಲಿ ಹೊರಗೆಳೆಯಬೇಕು. ಯಾರ್ಡಿನಲ್ಲಾದರೆ ಎರಡೂ ಬದಿಯ ಐಸೊಲೇಟರ್ ತೆರೆದು, ಬ್ಲೇಡ್ ಮೂರೂ ಬಿಟ್ಟದ್ದನ್ನು ಕಣ್ಣಾರೆ ನೋಡಿ ಬೀಗ ಹಾಕಬೇಕು. ಲೈನ್ ಕ್ಲಿಯರ್ (ಎಲ್‌ಸಿ), ಅಂದರೆ ಕೆಲಸದ ಅನುಮತಿ, ಬರಹದಲ್ಲಿರಬೇಕು, ಪಡೆದವರ ಹೆಸರಲ್ಲೇ ಇರಬೇಕು, ಅವರೇ ಹಿಂದಿರುಗಿಸಬೇಕು. ವೋಲ್ಟೇಜ್ ಇಲ್ಲವೆಂದು ಡಿಟೆಕ್ಟರಿನಿಂದ ಖಾತ್ರಿ ಮಾಡಿಕೊಳ್ಳಬೇಕು. ಆ ಡಿಟೆಕ್ಟರ್ ಸರಿಯಿದೆಯೇ ಎಂದು ಮೊದಲೂ ಆಮೇಲೂ ನೋಡಬೇಕು. ಕೊನೆಗೆ ಎರಡೂ ಬದಿಗೆ ಅರ್ಥ್ ರಾಡ್, ಮೊದಲು ಭೂಮಿಯ ತುದಿ ಬಿಗಿದು, ನಂತರ ಲೈನಿನ ತುದಿ. ಫೀಡರಿನ ಕಡೆಯಿಂದ ಯಾವುದೋ ಮಿಲ್ಲಿನ ಜನರೇಟರ್ ಟ್ರಾನ್ಸ್‌ಫಾರ್ಮರಿನ ಮೂಲಕ ಹಿಂದಕ್ಕೆ 11 ಕೆ.ವಿ. ಏರಿಸಬಹುದು. ಈ ದಾರಿಯಲ್ಲಿ ಮಾರ್ಗದಾಳುಗಳ ಜೀವ ಹೋದದ್ದುಂಟು.

ಲೈನಿನ ವೋಲ್ಟೇಜ್ ಹೋದ ಮೇಲೂ ಪೆಟ್ಟಿಗೆಯೊಳಗೆ ಇನ್ನೊಂದು ಶಕ್ತಿ ಅವಿತು ಕೂತಿರುತ್ತದೆ: ಬಿಗಿದ ಸ್ಪ್ರಿಂಗ್. ಬೆರಳನ್ನು ಕತ್ತರಿಸುವಷ್ಟು ಬಲ ಅದರದ್ದು. ಮೊದಲು ಮೋಟರಿನ ಸಪ್ಲೈ ತೆಗೆಯಬೇಕು, ಇಲ್ಲದಿದ್ದರೆ ಅದು ಮತ್ತೆ ಬಿಗಿಯುತ್ತದೆ. ಆಮೇಲೆ ಆನ್ ಗುಂಡಿ, ನಂತರ ಆಫ್ ಗುಂಡಿ. ಎರಡೂ ಸ್ಪ್ರಿಂಗ್ ಸಡಿಲವಾದದ್ದನ್ನು ಸೂಚಕದಲ್ಲಿ ನೋಡಿ, ಕಂಟ್ರೋಲ್ ಡಿಸಿಯ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡ ಮೇಲೆಯೇ ಕೈ ಒಳಗೆ ಹೋಗಬೇಕು.

ಒಳಗಿನ ಕೆಲಸ ಸರಳ, ತಾಳ್ಮೆಯದು. ಹಳೆಯ ಗ್ರೀಸನ್ನು ಪೂರ್ತಿ ತೆಗೆದು, ತಯಾರಕರು ಹೇಳಿದ ಗ್ರೀಸನ್ನೇ ತೆಳುವಾಗಿ ಹಚ್ಚಬೇಕು. ಬೇರೆ ಬೇರೆ ಜಾತಿಯ ಗ್ರೀಸ್ ಬೆರೆತರೆ ಕೆಲವೊಮ್ಮೆ ಗಟ್ಟಿಯಾಗುತ್ತದೆ, ಕೆಲವೊಮ್ಮೆ ನೀರಾಗಿ ಇಳಿದುಹೋಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಕೈ ತೊಳೆದುಕೊಳ್ಳುವವರಿದ್ದಾರೆ. ಅಂದು ಸಲೀಸಾಗಿ ಆಡುತ್ತದೆ. ಇದ್ದ ಗ್ರೀಸೂ ಕರಗಿಹೋಗಿ ಮುಂದಿನ ಮಳೆಗಾಲಕ್ಕೆ ಹಿಡಿದುಕೊಳ್ಳುತ್ತದೆ. ಮಲೆನಾಡು, ಕರಾವಳಿಯ ಯಾರ್ಡ್‌ಗಳಲ್ಲಿ ಬ್ರೇಕರಿನ ಪೆಟ್ಟಿಗೆಯ, ಅಂದರೆ ಕಿಯಾಸ್ಕಿನ, ಹೀಟರ್ ಉರಿಯುತ್ತಿದೆಯೇ, ಬಾಗಿಲಿನ ರಬ್ಬರ್ ಬಿರಿದಿದೆಯೇ, ಕೇಬಲ್ ಬರುವ ತೂತು ಮುಚ್ಚಿದೆಯೇ ನೋಡುವುದೂ ಇದರಷ್ಟೇ ಮುಖ್ಯ. ಹಲ್ಲಿ, ಇಲಿಗಳಿಗೆ ಬೆಚ್ಚಗಿನ ಕಿಯಾಸ್ಕೆಂದರೆ ಬಲು ಪ್ರೀತಿ.

ಬಾಟಲಿಗೆ ಬೇಕಾದ್ದು ಮೂರೇ ಪರೀಕ್ಷೆ. ಬ್ರೇಕರ್ ಆನ್ ಇರುವಾಗ ಕಡ್ಡಿಯ ಮೇಲಿನ ಗುರುತು ನೋಡಿ ಸವೆತ ಅಳೆಯುವುದು. ಹಲವು ಮಾದರಿಗಳಲ್ಲಿ ಎರಡು ಮೂರು ಮಿಲಿಮೀಟರ್ ಸವೆದರೆ ಆಯುಷ್ಯ ಮುಗಿಯಿತು. 100 ಆಂಪಿಯರ್ ಡಿಸಿ ಹರಿಸಿ ಕಾಂಟ್ಯಾಕ್ಟ್ ರೆಸಿಸ್ಟೆನ್ಸನ್ನು ಮೈಕ್ರೋ ಓಮ್‌ನಲ್ಲಿ ಅಳೆದು, ಮೂರು ಫೇಸ್‌ಗಳನ್ನು ಪರಸ್ಪರ ಮತ್ತು ಹಿಂದಿನ ವರ್ಷದ್ದರ ಜೊತೆ ಹೋಲಿಸುವುದು. ಮೂರನೆಯದು ತೆರೆದ ಅಂತರಕ್ಕೆ ಹೈ ವೋಲ್ಟೇಜ್ ಕೊಡುವುದು. ಹೊಸ ಬ್ರೇಕರಿಗೆ 28 ಕೆ.ವಿ. ಒಂದು ನಿಮಿಷ, ಚಾಲ್ತಿಯಲ್ಲಿರುವುದಕ್ಕೆ ಸಾಮಾನ್ಯವಾಗಿ ಅದರ ಶೇ 80, ಸುಮಾರು 22 ಕೆ.ವಿ. ನಿರ್ವಾತ ಕಳೆದುಕೊಂಡ ಬಾಟಲಿ ಇಲ್ಲೇ ಸಿಕ್ಕಿಬೀಳುತ್ತದೆ. ಈ ಪರೀಕ್ಷೆಯಲ್ಲಿ ಒಂದು ಎಚ್ಚರ ಬೇಕು. ನಿರ್ವಾತದಲ್ಲಿ ಎಲೆಕ್ಟ್ರಾನುಗಳು ಹೆಚ್ಚಿನ ವೋಲ್ಟೇಜಿನಲ್ಲಿ ಲೋಹಕ್ಕೆ ಬಡಿದರೆ ಎಕ್ಸ್-ರೇ ಹುಟ್ಟುತ್ತದೆ. ನಿಗದಿತ ವೋಲ್ಟೇಜ್ ದಾಟಬಾರದು, ಅಂತರ ಕಡಿಮೆ ಮಾಡಬಾರದು, ಕವಚ ತೆಗೆಯಬಾರದು, ಎರಡು ಮೀಟರಿಗಿಂತ ಹತ್ತಿರ ನಿಲ್ಲಬಾರದು. ಪರೀಕ್ಷೆ ಮುಗಿದರೂ ಒಳಗಿನ ಶೀಲ್ಡಿನಲ್ಲಿ ಚಾರ್ಜ್ ಉಳಿದಿರಬಹುದು; ಡಿಸ್ಚಾರ್ಜ್ ರಾಡ್ ಮುಟ್ಟಿಸದೆ ಬಾಟಲಿ ಮುಟ್ಟಬೇಡಿ.

ವಿಸಿಬಿಯನ್ನು ನಿಭಾಯಿಸುವುದೆಂದರೆ ಬಾಟಲಿಯನ್ನು ನಂಬುವುದು, ಯಂತ್ರವನ್ನು ಅನುಮಾನಿಸುವುದು. ಉಪಕೇಂದ್ರದ ಎಂಜಿನಿಯರ್‌ಗಳಿಗೆ, 11 ಕೆ.ವಿ. ಸಂಪರ್ಕ ಇರುವ ಕಾರ್ಖಾನೆ, ಆಸ್ಪತ್ರೆ, ಅಪಾರ್ಟ್‌ಮೆಂಟ್‌ಗಳ ಜವಾಬ್ದಾರರಿಗೆ ನನ್ನದು ಒಂದೇ ಕೋರಿಕೆ. ಮುಂದಿನ ಶಟ್‌ಡೌನಿನ ದಿನ ಒರೆಸುವ ಬಟ್ಟೆಗಿಂತ ಮೊದಲು ಕ್ಲಾಂಪ್ ಮೀಟರ್ ಹೊರತೆಗೆಯಿರಿ, ಮೊದಲ ಟ್ರಿಪ್ಪಿನ ಗೆರೆಯನ್ನು ರಿಜಿಸ್ಟರಿನಲ್ಲಿ ಅಂಟಿಸಿ. ಗುತ್ತಿಗೆದಾರರ ವರದಿಯಲ್ಲಿ ಅದಿಲ್ಲದಿದ್ದರೆ ಬಿಲ್ ಪಾಸು ಮಾಡಬೇಡಿ.